ಸಾಂಕ್ರಾಮಿಕ ರೋಗ ಹರಡಿದಾಗ ಕೇಂದ್ರ, ರಾಜ್ಯ, ಸ್ಥಳೀಯ ಸಂಸ್ಥೆ: ಯಾರ ಹೊಣೆ ಎಲ್ಲಿಯವರೆಗೆ?

ಕಾನೂನು ವಿದ್ಯಾರ್ಥಿ (ಪ್ರಶ್ನೆ):
ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ಸಾರ್ವಜನಿಕ ಆರೋಗ್ಯ ಮತ್ತು ಆಸ್ಪತ್ರೆಗಳು ರಾಜ್ಯಪಟ್ಟಿಗೆ ಸೇರಿವೆ. ಹಾಗಿದ್ದೂ 2020ರ ಮಾರ್ಚ್‌ನಲ್ಲಿ ಇಡೀ ದೇಶದ ಲಾಕ್‌ಡೌನ್ ಆದೇಶ ಹೊರಟದ್ದು ಕೇಂದ್ರದಿಂದ. ಅದನ್ನು ಜಾರಿಗೆ ತಂದದ್ದು ಜಿಲ್ಲಾಡಳಿತ, ಪಾಲಿಕೆ ಹಾಗೂ ಪಂಚಾಯಿತಿಗಳು. ಈ ಏರ್ಪಾಡಿಗೆ ಕಾನೂನಿನ ಗಟ್ಟಿ ತಳಹದಿ ಇದೆಯೇ? ಇಂಥ ಸಂದರ್ಭಗಳಲ್ಲಿ ಪೂರ್ಣ ಅಧಿಕಾರವನ್ನು ಕೇಂದ್ರಕ್ಕೇ ವಹಿಸುವುದು ಮೇಲೆನ್ನುವ ವಾದದ ಬಗ್ಗೆ ತಮ್ಮೆಲ್ಲರ ಅಭಿಪ್ರಾಯವೇನು?

ನಿವೃತ್ತ ವಕೀಲ:
ತಳಹದಿ ಇದೆ. ಒಂದು ರಾಜ್ಯದಿಂದ ಇನ್ನೊಂದಕ್ಕೆ ಸೋಂಕು ಹರಡದಂತೆ ತಡೆಯುವುದು ಕೇಂದ್ರ, ರಾಜ್ಯಗಳೆರಡೂ ಕಾನೂನು ಮಾಡಬಹುದಾದ ಸಮವರ್ತಿ ಪಟ್ಟಿಯ 29ನೆಯ ನಮೂದಿನಲ್ಲಿದೆ. ಬಂದರುಗಳ ಕ್ವಾರಂಟೈನ್ ಮತ್ತು ಅಂತರರಾಜ್ಯ ಕ್ವಾರಂಟೈನ್ ಕೇಂದ್ರಪಟ್ಟಿಯಲ್ಲಿವೆ. ಲಾಕ್‌ಡೌನ್‌ಗೆ ಆಧಾರವಾದದ್ದು 2005ರ ವಿಪತ್ತು ನಿರ್ವಹಣಾ ಕಾಯ್ದೆ. ವಿಪತ್ತು ನಿರ್ವಹಣೆ ಎಂಬ ವಿಷಯ ಮೂರು ಪಟ್ಟಿಗಳಲ್ಲಿ ಎಲ್ಲಿಯೂ ಹೆಸರಿಸಲ್ಪಟ್ಟಿಲ್ಲ ಎಂಬುದು ಬೇರೆ ಮಾತು. ರಾಜ್ಯಗಳ ಕೈಯಲ್ಲಿ, ಪ್ಲೇಗಿನ ಕಾಲದಲ್ಲಿ ಹುಟ್ಟಿದ 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆ ಇತ್ತು. ಅಧಿಕಾರದ ಕೊರತೆ ಯಾರಿಗೂ ಇರಲಿಲ್ಲ. ಯಾರು ಯಾರನ್ನು ಕೇಳಿ ನಿರ್ಧರಿಸಬೇಕು, ವೆಚ್ಚವನ್ನು ಯಾರು ಹೊರಬೇಕು ಎಂಬುದು ಮುಂಚಿತವಾಗಿ ಇತ್ಯರ್ಥವಾಗಿರಲಿಲ್ಲ, ಅಷ್ಟೆ.

ಅಂಕಿಅಂಶ ಪ್ರಿಯ:
ವಕೀಲರ ಕೊನೆಯ ಮಾತಿಗೆ ಲಸಿಕೆ ಖರೀದಿಗಿಂತ ಒಳ್ಳೆಯ ಸಾಕ್ಷ್ಯ ಬೇಕಿಲ್ಲ. 2021ರ ಮೇ 1ರಿಂದ ಜಾರಿಗೆ ಬಂದ ನೀತಿಯಲ್ಲಿ ಉತ್ಪಾದನೆಯ ಅರ್ಧದಷ್ಟನ್ನು ಕೇಂದ್ರ ಕೊಳ್ಳುವುದೆಂದೂ ಉಳಿದರ್ಧವನ್ನು ರಾಜ್ಯಗಳೂ ಖಾಸಗಿ ಆಸ್ಪತ್ರೆಗಳೂ ನೇರವಾಗಿ ಕೊಳ್ಳಬೇಕೆಂದೂ ಆಯಿತು. ಕೋವಿಶೀಲ್ಡ್‌ನ ಒಂದು ಡೋಸ್ ಕೇಂದ್ರಕ್ಕೆ 150 ರೂಪಾಯಿಗೆ ಸಿಕ್ಕರೆ ರಾಜ್ಯಗಳಿಗೆ 300 ರೂಪಾಯಿ. ಸಾಲದೆಂದು ಕರ್ನಾಟಕವೂ ಸೇರಿ ಹಲವು ರಾಜ್ಯಗಳು ಜಾಗತಿಕ ಟೆಂಡರ್ ಕರೆದವು. ಆದರೆ ಕೆಲವು ವಿದೇಶಿ ಕಂಪನಿಗಳು ತಾವು ಕೇಂದ್ರದೊಂದಿಗೆ ಮಾತ್ರ ವ್ಯವಹರಿಸುವುದಾಗಿ ಹೇಳಿಬಿಟ್ಟವು. ಒಂದೇ ದೇಶದ ರಾಜ್ಯಗಳು ಒಂದೇ ಸರಕಿಗೆ ಪೈಪೋಟಿಗಿಳಿದರೆ ಲಾಭ ಮಾರುವವನಿಗೆ. ಸುಪ್ರೀಂ ಕೋರ್ಟ್ ಈ ನೀತಿಯನ್ನು ಪ್ರಶ್ನಿಸಿದ ಮೇಲೆ, ಜೂನ್ 21ರಿಂದ ಶೇ. 75ರಷ್ಟನ್ನು ಕೇಂದ್ರವೇ ಕೊಂಡು ರಾಜ್ಯಗಳಿಗೆ ಉಚಿತವಾಗಿ ಹಂಚತೊಡಗಿತು. ಆಮ್ಲಜನಕದ ವಿಷಯದಲ್ಲಿಯೂ ಹಾಗೆಯೇ ಆಯಿತು: ಕರ್ನಾಟಕಕ್ಕೆ ದಿನಕ್ಕೆ 1,200 ಟನ್ ಕೊಡಬೇಕೆಂದು ಹೈಕೋರ್ಟ್ ಆದೇಶಿಸಬೇಕಾಯಿತು. ಆಡಳಿತಗಳು ಕುಳಿತು ಹಂಚಿಕೊಳ್ಳಬೇಕಾದದ್ದನ್ನು ನ್ಯಾಯಾಲಯ ಅಳೆದುಕೊಟ್ಟಿತು.

ಆದ್ದರಿಂದ ಖರೀದಿಯ ಮಟ್ಟಿಗೆ ನಾನು ಕೇಂದ್ರೀಕರಣದ ಪಕ್ಷ. ಉಳಿದದ್ದಕ್ಕೆ ಅಲ್ಲ.

ಗಡಿಯಾಚೆ:
ಈ ತೊಡಕು ನಮ್ಮದಷ್ಟೇ ಅಲ್ಲ. 2003ರಲ್ಲಿ ಟೊರಾಂಟೊ ನಗರದಲ್ಲಿ ಸಾರ್ಸ್ ಎಂಬ ಉಸಿರಾಟದ ಸೋಂಕು ಹರಡಿದಾಗ ಒಂಟಾರಿಯೊ ಪ್ರಾಂತ್ಯಕ್ಕೂ ಕೆನಡಾದ ಕೇಂದ್ರ ಸರ್ಕಾರಕ್ಕೂ ನಡುವೆ ರೋಗಿಗಳ ಮಾಹಿತಿ ಸರಾಗವಾಗಿ ಹರಿಯಲಿಲ್ಲ, ಏಕೆಂದರೆ ಅದಕ್ಕೆ ತಕ್ಕ ಒಪ್ಪಂದವೇ ಇರಲಿಲ್ಲ. ಮರುವರ್ಷ ಅಲ್ಲಿ ರಾಷ್ಟ್ರೀಯ ಸಾರ್ವಜನಿಕ ಆರೋಗ್ಯ ಸಂಸ್ಥೆ ಹುಟ್ಟಿತಾದರೂ ಪ್ರಾಂತ್ಯಗಳ ಅಧಿಕಾರ ಹಾಗೆಯೇ ಉಳಿಯಿತು. ಆಸ್ಟ್ರೇಲಿಯಾ 2020ರ ಮಾರ್ಚ್‌ನಲ್ಲಿ ಪ್ರಧಾನಿಯೂ ರಾಜ್ಯಗಳ ಮುಖ್ಯಸ್ಥರೂ ಒಟ್ಟಿಗೆ ಕೂರುವ ‘ನ್ಯಾಷನಲ್ ಕ್ಯಾಬಿನೆಟ್’ ರಚಿಸಿಕೊಂಡಿತು. ಅಲ್ಲಿಯೂ ಗಡಿ ಮುಚ್ಚುವ ವಿಚಾರದಲ್ಲಿ ರಾಜ್ಯಗಳು ತಮ್ಮ ದಾರಿಯನ್ನೇ ಹಿಡಿದವು.

ನಮ್ಮಲ್ಲಿಯೇ ಚೆನ್ನಾಗಿ ನಡೆದ ಉದಾಹರಣೆಯೂ ಇದೆ. 2018ರಲ್ಲಿ ಕೋಯಿಕ್ಕೋಡಿನಲ್ಲಿ ನಿಪಾ ಕಾಣಿಸಿಕೊಂಡಾಗ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ಸೋಂಕನ್ನು ಖಚಿತಪಡಿಸಿತು, ಕೇಂದ್ರದ ತಜ್ಞರ ತಂಡ ಬಂದಿಳಿಯಿತು, ಸಂಪರ್ಕಿತರ ಪತ್ತೆ ಮತ್ತು ನಿಗಾ ರಾಜ್ಯದ ಆರೋಗ್ಯ ಇಲಾಖೆಯ ಪಾಲಿಗೆ ಬಂತು. ಯಾರೂ ಇನ್ನೊಬ್ಬರ ಕೆಲಸವನ್ನು ಕಿತ್ತುಕೊಳ್ಳಲಿಲ್ಲ.

ಪಂಚಾಯಿತಿ ಸದಸ್ಯೆ:
ಚರ್ಚೆ ದೆಹಲಿ ಮತ್ತು ರಾಜಧಾನಿಗಳ ನಡುವೆಯೇ ಸುತ್ತುತ್ತಿದೆ. ಆರೋಗ್ಯ, ನೈರ್ಮಲ್ಯ ಮತ್ತು ಪ್ರಾಥಮಿಕ ಆರೋಗ್ಯ ಕೇಂದ್ರಗಳು ಹನ್ನೊಂದನೆಯ ಅನುಸೂಚಿಯಲ್ಲಿ ಪಂಚಾಯಿತಿಗಳ ವಿಷಯವಾಗಿವೆ. ಆದರೆ ಆ ಪಟ್ಟಿಯನ್ನು ಕಾರ್ಯರೂಪಕ್ಕೆ ತರುವುದು ರಾಜ್ಯದ ಇಚ್ಛೆಗೆ ಬಿಟ್ಟದ್ದು. ಕೇರಳ 1990ರ ದಶಕದಲ್ಲಿಯೇ ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ಗ್ರಾಮ ಪಂಚಾಯಿತಿಗಳಿಗೆ ವಹಿಸಿತು. ಹದಿನೈದನೆಯ ಹಣಕಾಸು ಆಯೋಗ ಸ್ಥಳೀಯ ಸಂಸ್ಥೆಗಳ ಮೂಲಕ ಆರೋಗ್ಯಕ್ಕೆಂದು ಐದು ವರ್ಷಗಳಿಗೆ 70,051 ಕೋಟಿ ರೂಪಾಯಿ ಶಿಫಾರಸು ಮಾಡಿತು. ಪ್ರಶ್ನೆ ಕೇಳಿದವರು ಮೇಲಿನ ಎರಡು ಸ್ತರಗಳ ಅಧಿಕಾರವನ್ನು ತೂಗುವಾಗ, ಮನೆಮನೆಗೆ ಹೋಗಿ ಜ್ವರದ ಲೆಕ್ಕ ಬರೆದವರ ಕೈಗೆ ಈ ಹಣದಲ್ಲಿ ಎಷ್ಟು ಬಂತು, ಅದನ್ನು ಖರ್ಚು ಮಾಡುವ ತೀರ್ಮಾನ ಯಾರದಾಗಿತ್ತು ಎಂಬುದನ್ನೂ ತಮ್ಮ ಅಧ್ಯಯನಕ್ಕೆ ಸೇರಿಸಿಕೊಳ್ಳಲಿ.