ಪದಚರ್ಚೆ: ಕಾಂಕ್ರೀಟಿನ ‘ಲೇಟೆನ್ಸ್’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಹಳೆಯ ನೆಲಮಾಳಿಗೆಯ ಕಾಂಕ್ರೀಟ್ ನೆಲದ ಮೇಲೆ ಸೆಲ್ಫ್ ಲೆವೆಲಿಂಗ್ ಕಾಂಪೌಂಡ್ (ಸುರಿದಾಗ ಹರಿದು ಮಟ್ಟವಾಗುವ ತೆಳು ಗಾರೆ) ಸುರಿಯುವ ಮೊದಲು ಏನೇನು ಮಾಡಿಕೊಳ್ಳಬೇಕು ಎಂದು ತಿಳಿಸುವ ಚಿಕ್ಕ ಕೈಪಿಡಿಯೊಂದನ್ನು ಬರೆಯುತ್ತಿದ್ದೇನೆ. ಅದನ್ನು ಪಕ್ಕದಲ್ಲಿಟ್ಟುಕೊಂಡೇ ಕೆಲಸ ಮಾಡುವವರಿಗೆ ಅದು. ಪದ ದಾರಿ ತಪ್ಪಿಸಿದರೆ ನೆಲವೇ ಕಿತ್ತುಬರುತ್ತದೆ. (‘ಬೇಸ್‌ಮೆಂಟ್’ ಎಂದೇ ಬರೆಯಬಹುದಿತ್ತು. ಆದರೆ ಮನೆ ಕಟ್ಟುವವರಲ್ಲಿ ಅನೇಕರಿಗೆ ಅದು ಪಾಯದ ಮೇಲೆ ಎಬ್ಬಿಸುವ ಕಟ್ಟು. ಹಾಗಾಗಿ ನೆಲಮಾಳಿಗೆಯನ್ನೇ ಉಳಿಸಿಕೊಂಡಿದ್ದೇನೆ.)

ನನ್ನನ್ನು ಹೆಚ್ಚು ಕಾಡುತ್ತಿರುವುದು ಲೇಟೆನ್ಸ್. ಕಾಂಕ್ರೀಟ್ ಹಾಕಿ ಮಟ್ಟ ಮಾಡುವಾಗ ನೀರು ಮೇಲಕ್ಕೆ ಬರುತ್ತದಲ್ಲ, ಅದರ ಜೊತೆ ಸಿಮೆಂಟಿನ, ಮರಳಿನ ನವಿರಾದ ಕಣಗಳೂ ಎದ್ದು ಬಂದು, ಒಣಗಿದ ಮೇಲೆ ಮಾಸಲು ಬಿಳಿಯ ತೆಳು ಪದರವಾಗಿ ಕೂರುತ್ತವೆ. ಕಣ್ಣಿಗೆ ಗಟ್ಟಿ ನೆಲವೇ. ಮೊಳೆಯ ಮೊನೆಯಿಂದ ಗೀರಿದರೆ ಮಾತ್ರ ಹುಡಿ ಏಳುತ್ತದೆ. ಮೇಲೆ ಸುರಿದದ್ದು ಈ ಪದರಕ್ಕೆ ಅಂಟಿಕೊಳ್ಳುತ್ತದೆ. ಪದರ ಮಾತ್ರ ಅಡಿಯ ಕಾಂಕ್ರೀಟಿಗೆ ಭದ್ರವಾಗಿ ಅಂಟಿರುವುದಿಲ್ಲ. ಕೊನೆಗೆ ಎರಡೂ ಸೇರಿ ಚಕ್ಕೆ ಚಕ್ಕೆಯಾಗಿ ಏಳುತ್ತವೆ.

ಇಂಗ್ಲಿಷ್ ಪದದ ಬೇರು ಫ್ರೆಂಚಿನಲ್ಲಿ ಹಾಲು ಎನ್ನಲು ಇರುವ ‘ಲೇ’. ನಮ್ಮಲ್ಲೂ ‘ಸಿಮೆಂಟ್ ಹಾಲು’ ಎಂಬ ಮಾತಿದೆ. ಆದರೆ ಅದು ಸಿಮೆಂಟನ್ನು ನೀರಿನಲ್ಲಿ ತೆಳ್ಳಗೆ ಕಲಸಿ ಬೇಕೆಂದೇ ಬಳಿಯುವಂಥದ್ದು. ತೆಗೆದುಹಾಕಬೇಕಾದ್ದಕ್ಕೂ ಅದೇ ಹೆಸರಿಟ್ಟರೆ ಗೊಂದಲ ಖಂಡಿತ. ‘ಕೆನೆ’ ಎಂದರೆ ತಿರುಳು, ಶ್ರೇಷ್ಠವಾದದ್ದು ಎಂಬ ಭಾವ ಬರುತ್ತದೆ. ‘ಕೆನೆಪದರ’ ಎಂದರಂತೂ ಎಲ್ಲರಿಗೂ ಮೀಸಲಾತಿ ನೆನಪಾಗುತ್ತದೆ. ನನ್ನ ಒಲವು ‘ಸಿಮೆಂಟ್ ಪೊರೆ’ಯ ಕಡೆಗೆ. ಕಣ್ಣಿನ ಪೊರೆಯಿರಲಿ, ಹಾವಿನ ಪೊರೆಯಿರಲಿ, ಅದು ಹೋಗಬೇಕಾದ್ದು ಎಂಬುದು ಆ ಪದದಲ್ಲೇ ಇದೆ.

ಅದನ್ನು ತೆಗೆಯುವುದಕ್ಕೆ ಬಳಸುವ ಕ್ರಿಯಾಪದದಲ್ಲೂ ತೊಡಕಿದೆ. ಎಲ್ಲ ಕಡೆ ‘ನೆಲವನ್ನು ಸ್ವಚ್ಛಗೊಳಿಸಿ’ ಎಂದಿರುತ್ತದೆ. ಓದಿದವರು ಗುಡಿಸಿ ಒರೆಸಿ ಮುಗಿಸುತ್ತಾರೆ. ಇಲ್ಲಿ ಬೇಕಿರುವುದು ವಜ್ರದ ಹರಳುಗಳಿರುವ ತಟ್ಟೆಯ ಯಂತ್ರದಿಂದ ಉಜ್ಜುವುದು, ಅಥವಾ ಉಕ್ಕಿನ ಸಣ್ಣ ಗುಂಡುಗಳನ್ನು ರಭಸವಾಗಿ ಹೊಡೆದು ಮೇಲ್ಮೈಯನ್ನು ಒರಟು ಮಾಡುವುದು. ಹಾಗಾಗಿ ‘ಉಜ್ಜಿ ಒರಟು ಮಾಡಿ’ ಎಂದೇ ಬರೆದಿದ್ದೇನೆ. ಆ ಒರಟುತನಕ್ಕೆ ಪ್ರೊಫೈಲ್ ಎನ್ನುತ್ತಾರೆ. ಕಾಂಕ್ರೀಟ್ ರಿಪೇರಿಯವರು ಅದನ್ನು 1ರಿಂದ 10ರವರೆಗೆ ದರ್ಜೆ ಮಾಡಿದ್ದಾರೆ. ‘ಗಾರೆ ಕಚ್ಚಿಕೊಂಡಿಲ್ಲ’ ಎಂಬ ಮಾತು ಬಳಕೆಯಲ್ಲಿರುವುದರಿಂದ ಇದನ್ನು ‘ಕಚ್ಚು’ ಎನ್ನಬಹುದು ಅನ್ನಿಸುತ್ತದೆ: ‘ನೆಲಕ್ಕೆ 3ನೇ ದರ್ಜೆಯ ಕಚ್ಚು ಇರಲಿ’. ಕಿವಿಗೆ ಹೇಗಿದೆ? ಒಂದು ಎಚ್ಚರಿಕೆಯನ್ನಂತೂ ದಪ್ಪಕ್ಷರದಲ್ಲಿ ಹಾಕುತ್ತೇನೆ: ಹಳೆಯ ಹಾಸಿನ ಅಡಿಯ ಕಪ್ಪು ಅಂಟಿನಲ್ಲಿ ಕಲ್ನಾರು ಇರಬಹುದು, ಪರೀಕ್ಷೆ ಮಾಡಿಸದೆ ಅದನ್ನು ಉಜ್ಜಬಾರದು. ಬರೀ ಕಾಂಕ್ರೀಟಿನ ದೂಳೂ ಶ್ವಾಸಕೋಶಕ್ಕೆ ಕೆಡುಕೇ. ‘ಕಲ್ನಾರು’ ಎಂದರೆ ಈಗ ಎಷ್ಟು ಜನಕ್ಕೆ ತಿಳಿದೀತು? ‘ಆಸ್ಬೆಸ್ಟಾಸ್’ ಎಂದು ಪಕ್ಕದಲ್ಲೇ ಸೇರಿಸುವುದು ಕ್ಷೇಮವೆಂದು ನನಗೆ ತೋರುತ್ತದೆ.

ಇನ್ನು ನೀರಿನಂಶ. ‘ನೆಲ ಹಸಿಯಾಗಿರಬಾರದು’ ಎಂದರೆ, ಹಸಿ ಕಾಂಕ್ರೀಟ್ ಅಂದರೆ ಈಗಷ್ಟೇ ಹಾಕಿದ್ದು, ನಮ್ಮದು ಹಳೆಯದು ತಾನೇ ಎಂದುಕೊಳ್ಳುತ್ತಾರೆ. ‘ಒದ್ದೆ’ ಎಂದರೆ ಮುಟ್ಟಿ ನೋಡಿ, ಇಲ್ಲವೆಂದು ಮುಂದೆ ಹೋಗುತ್ತಾರೆ. ನೆಲಮಾಳಿಗೆಯಲ್ಲಿ ಮಣ್ಣಿನ ನೀರು ಕಾಂಕ್ರೀಟಿನ ಒಳಗಿನಿಂದ ಮೇಲೇರುತ್ತಿರುತ್ತದೆ, ಮೇಲ್ಮೈ ಮುಟ್ಟಿದರೆ ಒಣಗಿದಂತೆಯೇ ಇರುತ್ತದೆ. 18 ಇಂಚು ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಾಕಿ ನೆಲಕ್ಕೆ ಅಂಟಿಸಿ, ಕನಿಷ್ಠ 16 ಗಂಟೆ ಬಿಟ್ಟು ಎತ್ತಿ ನೋಡಿದರೆ, ಅಡಿಯಲ್ಲಿ ಹನಿಗಟ್ಟಿರುತ್ತದೆ ಅಥವಾ ಕಾಂಕ್ರೀಟಿನ ಬಣ್ಣ ಕಪ್ಪಾಗಿರುತ್ತದೆ. ಹಾಳೆಯಡಿ ಏನೂ ಕಾಣದಿದ್ದರೂ ಆಳದಲ್ಲಿ ನೀರಿರಬಹುದು. ಅದಕ್ಕೇ ರಂಧ್ರ ಕೊರೆದು, ನೆಲದ ದಪ್ಪದ ಶೇ 40ರಷ್ಟು ಆಳದಲ್ಲಿ ಅಳೆಯುವ ಕ್ರಮವೂ ಇದೆ. ಹೀಗೆ ಒಳಗೇ ಅಡಗಿರುವ ನೀರಿಗೆ ‘ಪಸೆ’ ಸರಿಹೋಗುತ್ತದೆ ಎಂದು ನನ್ನ ಭಾವನೆ: ‘ನೆಲದ ಪಸೆ ಪರೀಕ್ಷಿಸಿ’. ನಿಮ್ಮ ಕಡೆ ನೆಲ, ಗೋಡೆಗಳಿಗೂ ಪಸೆ ಎನ್ನುತ್ತಾರೆಯೇ, ಅಥವಾ ಬಾಯಿ, ಗಂಟಲಿಗೆ ಮಾತ್ರವೇ?

ಕಾಂಪೌಂಡ್ ಸುರಿಯುವ ಮೊದಲು ನೆಲಕ್ಕೆ ಬಳಿಯುವ ಪ್ರೈಮರನ್ನು ಪ್ರೈಮರ್ ಎಂದೇ ಬಿಟ್ಟಿದ್ದೇನೆ. ಅದು ಕಾಂಕ್ರೀಟಿನ ರಂಧ್ರಗಳನ್ನು ಮುಚ್ಚದಿದ್ದರೆ ಒಳಗಿನ ಗಾಳಿ ಗುಳ್ಳೆಯಾಗಿ ಮೇಲೆದ್ದು ಹೊಸ ನೆಲದ ತುಂಬ ಸೂಜಿತೂತುಗಳಾಗುತ್ತವೆ ಎಂದು ವಿವರಿಸಿದರೆ ಸಾಕು.

ಕಾಂಪೌಂಡಿನ ಹೆಸರಿಗೆ ‘ಸ್ವಯಂಸಮತಲಕಾರಕ’ ಎಂದು ಸೂಚಿಸಿದವರಿದ್ದಾರೆ. ನಾನು ಒಪ್ಪಲಾರೆ. ಉದ್ದವೆಂದಷ್ಟೇ ಅಲ್ಲ, ‘ಸಮ’ ಇಲ್ಲಿ ತಪ್ಪು ಅರ್ಥ ಕೊಡುತ್ತದೆ. ತಗ್ಗುದಿಣ್ಣೆಯಿಲ್ಲದ ನೆಲ ಸಮ. ರಸಮಟ್ಟದ (ಸ್ಪಿರಿಟ್ ಲೆವೆಲ್) ಗುಳ್ಳೆ ನಡುವೆ ನಿಂತರೆ ಮಟ್ಟ. ನೀರು ಹೋಗುವ ಜಾಲರಿಯ ಕಡೆಗೆ ವಾಟ ಕೊಟ್ಟ ನೆಲ ಸಮವಾಗಿದ್ದರೂ ಮಟ್ಟವಾಗಿರುವುದಿಲ್ಲ, ಮತ್ತು ಮಟ್ಟವಾಗಬಾರದು. ಕಾಂಪೌಂಡ್ ಸುರಿದರೆ ಆ ವಾಟ ಅಳಿಸಿಹೋಗುತ್ತದೆ, ಜಾಲರಿಯ ಸುತ್ತ ಒಡ್ಡು ಕಟ್ಟದಿದ್ದರೆ ಅದೂ ಮುಚ್ಚಿಹೋಗುತ್ತದೆ. ಆದ್ದರಿಂದ ‘ಮಟ್ಟ ಹಿಡಿಯುವ ಗಾರೆ’ ಎಂದು ಬರೆಯಬೇಕೆಂದಿದ್ದೇನೆ. ‘ತಾನೇ’ ಎಂಬುದನ್ನು ಬೇಕೆಂದೇ ಬಿಟ್ಟಿದ್ದೇನೆ, ಏಕೆಂದರೆ ಸುರಿದ ಮೇಲೂ ಅದನ್ನು ಎಳೆದು ಹರಡಲೇಬೇಕು.

ಪೊರೆ, ಕಚ್ಚು, ಪಸೆ: ಈ ಮೂರರ ಬಗ್ಗೆ, ಅದರಲ್ಲೂ ಗಾರೆ ಕೆಲಸ ಬಲ್ಲವರು ಮನೆಯಲ್ಲಿದ್ದರೆ ಅವರನ್ನು ಕೇಳಿ, ಅವರು ಹೇಳುವ ವಾಕ್ಯವನ್ನು ಹಾಗೆಯೇ ಬರೆದು ಕಳಿಸಿ. ಬಿಡಿ ಪದಕ್ಕಿಂತ ವಾಕ್ಯ ಸಿಕ್ಕರೆ ನನಗೆ ಹೆಚ್ಚು ಉಪಯೋಗ.