ಆರು ವರ್ಷದ ಮಗುವಿಗೆ ‘ಮೆದುಳು ಎಬ್ಬಿಸುವ’ ತರಗತಿ ಬೇಕಾ?

ಪ್ರಶ್ನೆ: ‘ನಾವು ಬಳಸೋದು ಮೆದುಳಿನ ಶೇ. 10 ಮಾತ್ರ. ಮಿಡ್‌ಬ್ರೇನ್ ಆಕ್ಟಿವೇಟ್ ಮಾಡಿದ್ರೆ ಮಗು ಕಣ್ಣು ಕಟ್ಟಿಕೊಂಡೇ ಓದುತ್ತೆ. ಈಗ ಬಿಟ್ರೆ ಕಾಲ ಮೀರುತ್ತೆ’ ಅಂತ ತರಬೇತಿಯವರು ಹೇಳ್ತಿದ್ದಾರೆ. ಸೇರಿಸಬೇಕಾ? ಮನೆಯಲ್ಲೇ ಏನು ಮಾಡಬಹುದು?

ಉತ್ತರ: ದಯವಿಟ್ಟು ಸೇರಿಸಬೇಡಿ. ಮೆದುಳಿನ ತೂಕ ದೇಹದ ಶೇ. 2ರಷ್ಟು, ಆದರೆ ಸುಮ್ಮನೆ ಕೂತಾಗಲೂ ದೇಹದ ಶಕ್ತಿಯಲ್ಲಿ ಸುಮಾರು ಶೇ. 20 ಅದಕ್ಕೇ ಬೇಕು. ಮಕ್ಕಳಲ್ಲಿ ಈ ಪಾಲು ಇನ್ನೂ ಹೆಚ್ಚು. ಶೇ. 90 ಭಾಗ ಖಾಲಿ ಬಿದ್ದಿದ್ದರೆ, ಪಾರ್ಶ್ವವಾಯುವಿನಲ್ಲಿ ಕಡಲೆಕಾಳಿನಷ್ಟು ಜಾಗ ಸತ್ತು ಕೈ ಬೀಳುತ್ತಿರಲಿಲ್ಲ.

ಮಿಡ್‌ಬ್ರೇನ್ ಅಂದರೆ ನಡುಮೆದುಳು. ಕಣ್ಣು ಹೊರಳಿಸುವುದು, ಬೆಳಕಿಗೆ ಪಾಪೆ ಕಿರಿದಾಗಿಸುವುದು, ಎಚ್ಚರವಾಗಿಡುವುದು, ಇವೆಲ್ಲದರಲ್ಲಿ ಅದರ ಪಾಲಿದೆ. ಹುಟ್ಟಿದಾಗಿನಿಂದ ದುಡಿಯುತ್ತಲೇ ಇದೆ. ಕಣ್ಣುಪಟ್ಟಿಯ ಗುಟ್ಟು ಮೂಗಿನ ಪಕ್ಕದ ಸಂದು, ಮಗು ಅಲ್ಲಿಂದ ಕೆಳಗೆ ಇಣುಕಿ ಓದುತ್ತದೆ. ಈಜುಗನ್ನಡಕದ ಗಾಜಿಗೆ ಒಳಗಿನಿಂದ ಕಪ್ಪು ಟೇಪ್ ಅಂಟಿಸಿ ಹಾಕಿ, ಇಲ್ಲವೇ ಗದ್ದದ ಕೆಳಗೆ ಅಗಲವಾದ ರಟ್ಟು ಅಡ್ಡ ಹಿಡಿಯಿರಿ. ಓದು ಅಲ್ಲಿಗೆ ನಿಲ್ಲುತ್ತದೆ. ಆಗ ಮಗುವನ್ನು ಬೈಯಬೇಡಿ, ಇಣುಕುವ ಹಾಗೆ ಮಾಡಿದ್ದು ದೊಡ್ಡವರ ಒತ್ತಡ.

ಇನ್ನೊಬ್ಬರು: ‘ಕಾಲ ಮೀರುತ್ತೆ’ ಅನ್ನೋದು ಅರ್ಧ ಸತ್ಯ. ಆರರ ಹೊತ್ತಿಗೆ ಮೆದುಳು ವಯಸ್ಕರ ಗಾತ್ರದ ಸುಮಾರು ಶೇ. 90 ಮುಟ್ಟಿರುತ್ತೆ, ನಿಜ. ಆದರೆ ಗಾತ್ರ ಬೇರೆ, ಒಳಗಿನ ಜೋಡಣೆ ಬೇರೆ. ಬಳಸಿದ ಸಿನಾಪ್ಸ್‌ಗಳು (ನರಕೋಶಗಳ ನಡುವಿನ ಕೊಂಡಿಗಳು) ಗಟ್ಟಿಯಾಗಿ, ಬಳಸದವು ಕಳಚುವ ಕೆಲಸ ಹಣೆಯ ಹಿಂದಿನ ಭಾಗದಲ್ಲಿ ಇಪ್ಪತ್ತು ದಾಟಿದ ಮೇಲೂ ನಡೆಯುತ್ತೆ. ಗಡುವು ಬಿಗಿಯಾಗಿರೋದು ದೃಷ್ಟಿಗೆ. ಒಂದು ಕಣ್ಣು ಮಂಜಾಗಿದ್ದರೆ ಮೆದುಳು ಅದನ್ನು ಕಡೆಗಣಿಸಲು ಕಲಿತುಬಿಡುತ್ತೆ. ಏಳು ವರ್ಷದೊಳಗೆ ಚಿಕಿತ್ಸೆಯಾದರೆ ಫಲ ಹೆಚ್ಚು. ಎರಡೂ ಕಣ್ಣು ತೆರೆದಿದ್ದಾಗ ಇದು ಗೊತ್ತೇ ಆಗಲ್ಲ, ಆದ್ದರಿಂದ ಒಂದೊಂದು ಕಣ್ಣನ್ನೂ ಬೇರೆಯಾಗಿ ಪರೀಕ್ಷೆ ಮಾಡಿಸಿ. ತರಗತಿಗೆ ಕೊಡೋ ದುಡ್ಡು ಇದಕ್ಕೆ ಹೋಗಲಿ.

ಮತ್ತೊಬ್ಬರು: ಮನೆಯಲ್ಲಿ ಮೊದಲು ನಿದ್ದೆ, ಈ ವಯಸ್ಸಿಗೆ 9ರಿಂದ 12 ಗಂಟೆ. ಆಮೇಲೆ ನೆನಪಿಂದ ಹೇಳಿಸೋದು: ಓದಿದ ಮೇಲೆ ಪುಸ್ತಕ ಮುಚ್ಚಿ ಮೂರು ಸಂಗತಿ ಕೇಳಿ. ಮರುದಿನ ಒಮ್ಮೆ, ಮೂರು ದಿನ ಬಿಟ್ಟು ಒಮ್ಮೆ, ವಾರದ ನಂತರ ಒಮ್ಮೆ. ಕೆಡೋದು ಎಲ್ಲಿ ಅಂದ್ರೆ, ಮಗು ತಡವರಿಸಿದ ಕೂಡಲೇ ನಾವು ಉತ್ತರ ಹೇಳಿಬಿಡ್ತೀವಿ. ಹತ್ತು ಸೆಕೆಂಡ್ ಕಾಯಿರಿ. ಹೆಕ್ಕಿ ತೆಗೆಯೋ ಆ ಶ್ರಮದಿಂದಲೇ ನೆನಪು ಗಟ್ಟಿಯಾಗೋದು. ತಪ್ಪು ಹೇಳಿದ್ರೆ ಮಾತ್ರ ಆಗಲೇ ತಿದ್ದಿ.

ಕೊನೆಯವರು: ಮಗು ಸದಾ ಸುಸ್ತಾಗಿ, ಬಿಳಿಚಿಕೊಂಡಿದ್ದರೆ ವೈದ್ಯರಿಗೆ ತೋರಿಸಿ ಹಿಮೋಗ್ಲೋಬಿನ್, ಫೆರಿಟಿನ್ (ದೇಹದಲ್ಲಿರುವ ಕಬ್ಬಿಣದ ದಾಸ್ತಾನು ತೋರಿಸುವ ರಕ್ತಪರೀಕ್ಷೆ) ನೋಡಿಸಿ. ಕಬ್ಬಿಣಾಂಶ ಕಡಿಮೆಯಾದರೆ ಗಮನವೂ ಕುಗ್ಗುತ್ತದೆ. ಪರೀಕ್ಷೆಯಿಲ್ಲದೆ ನೀವೇ ಕಬ್ಬಿಣದ ಔಷಧಿ ಕೊಡಬೇಡಿ, ಪ್ರಮಾಣ ಮೀರಿದರೆ ಮಕ್ಕಳಿಗೆ ಅದು ವಿಷ.