ಬಿಸಿಲು ನಾಡಿನ ಮನೆಯಲ್ಲಿ ಅಣಬೆಯ ತಾಯಿ ಕಲ್ಚರನ್ನು ವರ್ಷಗಟ್ಟಲೆ ಉಳಿಸಿಕೊಳ್ಳುವುದು ಹೇಗೆ?

ಪ್ರಶ್ನೆ (ಕಲಬುರಗಿ)

ಎಲ್ಲರಿಗೂ ಶರಣು. ಮನೆಯ ಹಿಂದಿನ ಕೋಣೆಯಲ್ಲಿ ಮಳೆಗಾಲ ಮುಗಿದಾಗಿನಿಂದ ಶಿವರಾತ್ರಿಯವರೆಗೆ ಬಿಳಿ ಮತ್ತು ಬೂದು ಆಯ್ಸ್ಟರ್ ಅಣಬೆಯನ್ನು ಜೋಳದ ಕಣಿಕಿ ಹಾಗೂ ಸೋಯಾ ಹೊಟ್ಟಿನ ಮೇಲೆ ಬೆಳೆಯುತ್ತೇನೆ. ಬೇಸಿಗೆಯಲ್ಲಿ ಸ್ವಲ್ಪ ಹಾಲು ಅಣಬೆಯೂ ಇರುತ್ತದೆ. ಜೋಳದ ಕಾಳಿನ ಮೇಲೆ ಬೀಜವನ್ನು ನಾನೇ ತಯಾರಿಸುವುದರಿಂದ ಅಗರ್ ಟ್ಯೂಬಿನ ತಾಯಿ ಕಲ್ಚರ್, ಅಂದರೆ ಅಗರ್ ಎಂಬ ಪೋಷಕ ಜೆಲ್ಲಿಯ ಮೇಲೆ ಬೆಳೆಸಿದ ಅಣಬೆಯ ಶುದ್ಧ ಎಳೆಗಳು, ಸದಾ ಕೈಯಲ್ಲಿರಬೇಕಾಗುತ್ತದೆ. ಅದನ್ನು ಫ್ರಿಜ್ಜಿನಲ್ಲಿಟ್ಟು ಎರಡು ಮೂರು ತಿಂಗಳಿಗೊಮ್ಮೆ ಹೊಸ ಟ್ಯೂಬಿಗೆ ವರ್ಗಾಯಿಸುತ್ತ ಬಂದಿದ್ದೇನೆ. ಈಗೀಗ ಬಿಳಿ ತಳಿಯ ಎಳೆಗಳು ಹತ್ತಿಯ ಹಾಗೆ ಉಬ್ಬಿಕೊಂಡು ಬೆಳೆಯುತ್ತಿವೆ, ಮೊಗ್ಗು ಕಾಣುವುದೂ ತಡವಾಗುತ್ತಿದೆ. ಇದು ತಳಿ ಹಳತಾದ ಲಕ್ಷಣವೇ? ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ವಿದ್ಯುತ್ ಕೈಕೊಟ್ಟರೂ ಕೆಡದಂತೆ, ಪದೇ ಪದೇ ವರ್ಗಾಯಿಸುವ ಕೆಲಸವಿಲ್ಲದಂತೆ ಕಲ್ಚರನ್ನು ದೀರ್ಘಕಾಲ ಇಡುವ ಮನೆಮಟ್ಟದ ವಿಧಾನವಿದ್ದರೆ ದಯವಿಟ್ಟು ತಿಳಿಸಿ. ಫ್ರೀಜರಿನಲ್ಲಿ ಇಡಬಹುದೇ, ಅಥವಾ ಕಾಗದದ ಮೇಲೆ ಉದುರಿಸಿಕೊಂಡ ಬೀಜಕಣಗಳನ್ನೇ ಕಾಪಿಟ್ಟರೆ ಸಾಕೇ ಎಂಬುದೂ ನನ್ನ ಪ್ರಶ್ನೆ.

ಉತ್ತರ (ಶಹಾಪುರ, ಯಾದಗಿರಿ ಜಿಲ್ಲೆ)

ತಾವು ಹೇಳಿದ ಎರಡೂ ಲಕ್ಷಣಗಳು ಮೇಲಿಂದ ಮೇಲೆ ವರ್ಗಾಯಿಸಿದ ಕಲ್ಚರಿನಲ್ಲಿ ಸಾಮಾನ್ಯವಾಗಿ ಕಾಣುವಂಥವು. ವರ್ಷಕ್ಕೆ ನಾಲ್ಕು ಸಲ ವರ್ಗಾಯಿಸಿದರೆ ಐದು ವರ್ಷಕ್ಕೆ ಇಪ್ಪತ್ತು ಪೀಳಿಗೆಗಳಾಗುತ್ತವೆ. ಪ್ರತಿ ಸಲವೂ ನಾವು ಸೂಜಿಯ ತುದಿಯಷ್ಟು ಭಾಗವನ್ನು ಮಾತ್ರ ಆರಿಸುತ್ತೇವೆ. ಅಲ್ಲಿ ಅಗರಿನ ಮೇಲೆ ಬೇಗ ಹಬ್ಬುವ, ಆದರೆ ಅಣಬೆ ಬಿಡಲು ಸೋಮಾರಿಯಾದ ಎಳೆಗಳೇ ಸಿಕ್ಕರೆ ಮುಂದಿನ ಪೀಳಿಗೆಯೆಲ್ಲ ಅದೇ ಗುಣದ್ದಾಗುತ್ತದೆ. ಆದ್ದರಿಂದ ಸಂಗ್ರಹಣೆ ಎಂದರೆ ಕಲ್ಚರನ್ನು ಜೀವಂತವಾಗಿ ಇಡುವುದಷ್ಟೇ ಅಲ್ಲ, ಪೀಳಿಗೆಗಳ ಸಂಖ್ಯೆಯನ್ನು ಕಡಿಮೆ ಇಡುವುದು ಎಂದು ನಾನು ತಿಳಿಯುತ್ತೇನೆ. ಪ್ರಯೋಗಾಲಯದಿಂದ ಬಂದ ಮೊದಲ ಟ್ಯೂಬಿನಿಂದ ಒಮ್ಮೆಲೇ ಹತ್ತಾರು ಪ್ರತಿಗಳನ್ನು ಮಾಡಿ, ಅವುಗಳಲ್ಲಿ ಹೆಚ್ಚಿನವನ್ನು ಮುಟ್ಟದೆ ಇಟ್ಟು, ಪ್ರತಿ ಹಂಗಾಮಿಗೆ ಒಂದನ್ನೇ ತೆರೆದು ಅದರಿಂದ ಬೀಜ ಮಾಡಿದರೆ ವರ್ಷಗಳು ಕಳೆದರೂ ತಾವು ಎರಡನೆಯ ಅಥವಾ ಮೂರನೆಯ ಪೀಳಿಗೆಯಲ್ಲೇ ಇರುತ್ತೀರಿ.

ಮನೆಯ ಫ್ರೀಜರ್ ಬೇಡವೇ ಬೇಡ. ಅದು ಸುಮಾರು ಮೈನಸ್ 18 ಡಿಗ್ರಿಯಷ್ಟೇ ತಣ್ಣಗಿರುತ್ತದೆ. ಅಲ್ಲಿ ಎಳೆಗಳೊಳಗಿನ ನೀರು ಹರಳುಗಟ್ಟಿ ಜೀವಕೋಶವನ್ನು ಒಡೆಯುತ್ತದೆ. ದೊಡ್ಡ ಸಂಗ್ರಹಾಲಯಗಳು ಗ್ಲಿಸರಾಲ್ ಬೆರೆಸಿ, ನಿಧಾನವಾಗಿ ತಂಪುಗೊಳಿಸಿ, ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಇಡುವುದು ಬೇರೆಯೇ ಮಾತು.

ಬೀಜಕಣಗಳು ಒಣಗಿಸಿ ಇಟ್ಟರೆ ಬಹಳ ಕಾಲ ಬಾಳುವುದು ನಿಜ, ಆದರೆ ಅವು ತಳಿಯನ್ನು ಉಳಿಸುವುದಿಲ್ಲ. ಆಯ್ಸ್ಟರ್ ಅಣಬೆಯಲ್ಲಿ ಒಂದೇ ಕೊಡೆಯಿಂದ ಉದುರಿದ ಕಣಗಳು ನಾಲ್ಕು ಬಗೆಯ ಕೂಡುಗುಣಗಳಲ್ಲಿ ಹಂಚಿಹೋಗಿರುತ್ತವೆ. ಹೊಂದುವ ಎರಡು ಕಣಗಳು ಮೊಳೆತು ಕೂಡಿದಾಗ ಹುಟ್ಟುವುದು ಹೊಸ ಸಂತಾನವೇ ಹೊರತು ತಮ್ಮ ಹಳೆಯ ತಳಿಯಲ್ಲ. ಅದು ಒಳ್ಳೆಯದೂ ಇರಬಹುದು, ಕೆಟ್ಟದ್ದೂ ಇರಬಹುದು.

ಉತ್ತರ (ಭಾಲ್ಕಿ, ಬೀದರ ಜಿಲ್ಲೆ)

ಶಹಾಪುರದವರ ಮಾತಿಗೆ ನನ್ನದೂ ಒಪ್ಪಿಗೆಯಿದೆ. ವಿಧಾನದ ಮಟ್ಟಿಗೆ ನಮ್ಮ ಭಾಗಕ್ಕೆ ಹೊಂದುವುದು ನೀರಿನಲ್ಲಿ ಇಡುವ ಪದ್ಧತಿ ಎಂಬುದು ನನ್ನ ದೃಢವಾದ ಅಭಿಪ್ರಾಯ. ಇದು ಹೊಸದೇನಲ್ಲ, ಇಟಲಿಯ ವೈದ್ಯ ಆಲ್ಡೊ ಕ್ಯಾಸ್ಟೆಲ್ಲಾನಿ ರೋಗಕಾರಕ ಶಿಲೀಂಧ್ರಗಳನ್ನು ಭಟ್ಟಿ ಇಳಿಸಿದ ನೀರಿನಲ್ಲಿ ಜೀವಂತವಾಗಿ ಇಡಬಹುದೆಂದು 1939ರಲ್ಲಿ ತೋರಿಸಿದ್ದರು, ಅಣಬೆ ಬೆಳೆಗಾರರು ಅದನ್ನೇ ಬಳಸುತ್ತಾರೆ. ನೀರಿನಲ್ಲಿ ಆಹಾರವೂ ಇಲ್ಲ, ಆಮ್ಲಜನಕವೂ ಕಡಿಮೆ. ಹೀಗಾಗಿ ಎಳೆಗಳು ಬೆಳೆಯುವುದನ್ನು ಬಹುಮಟ್ಟಿಗೆ ನಿಲ್ಲಿಸುತ್ತವೆ. ಅಗರ್ ಟ್ಯೂಬಿನಂತೆ ಒಣಗಿ ಚಕ್ಕೆಯಾಗುವ ಭಯವೂ ಇಲ್ಲ.

ಐದಾರು ಮಿಲಿಲೀಟರ್ ನೀರು ಹಿಡಿಯುವ, ತಿರುಗಿಸುವ ಮುಚ್ಚಳದ ಗಾಜಿನ ಸೀಸೆಗಳನ್ನು ತೆಗೆದುಕೊಳ್ಳಿ. ಮುಕ್ಕಾಲು ಭಾಗ ನೀರು ತುಂಬಿ, ಮುಚ್ಚಳವನ್ನು ಸಡಿಲವಾಗಿಟ್ಟು, ಪ್ರೆಷರ್ ಕುಕ್ಕರಿನಲ್ಲಿ 15 ಪೌಂಡ್ ಒತ್ತಡದಲ್ಲಿ, ಅಂದರೆ 121 ಡಿಗ್ರಿಯಲ್ಲಿ, ಇಪ್ಪತ್ತು ನಿಮಿಷಕ್ಕೆ ಕಡಿಮೆಯಾಗದಂತೆ ಬೇಯಿಸಿ, ಪೂರ್ತಿ ತಣ್ಣಗಾಗಲು ಬಿಡಿ. ಅಗರ್ ತಟ್ಟೆಯಲ್ಲಿ ಕಲ್ಚರ್ ಇನ್ನೂ ಅಂಚಿಗೆ ಮುಟ್ಟದೆ ಚುರುಕಾಗಿ ಹಬ್ಬುತ್ತಿರುವಾಗಲೇ ಅದರ ಹೊರ ಅಂಚಿನಿಂದ ಅರ್ಧ ಸೆಂಟಿಮೀಟರ್ ಅಗಲದ ತುಂಡುಗಳನ್ನು ಕತ್ತರಿಸಿ, ಪ್ರತಿ ಸೀಸೆಗೆ ಐದಾರು ತುಂಡು ಹಾಕಿ ಮುಚ್ಚಳ ಬಿಗಿ ಮಾಡಿ. ಮುದಿಯಾದ ಕಲ್ಚರನ್ನು ನೀರಿಗೆ ಹಾಕಿದರೆ ಮುದಿತನವನ್ನೇ ಕಾಪಾಡಿದಂತೆ. ತುಂಡು ಕತ್ತರಿಸುವ ಕೆಲಸವನ್ನು ಫ್ಯಾನ್ ಆರಿಸಿ, ಕೈ ತೂರಿಸುವಷ್ಟೇ ತೂತುಗಳಿರುವ ಮುಚ್ಚಿದ ಪ್ಲಾಸ್ಟಿಕ್ ಡಬ್ಬಿಯೊಳಗೆ ಮಾಡಬೇಕು. ಅಂಥ ಡಬ್ಬಿಯೊಳಗೆ ಸ್ಪಿರಿಟ್ ಸಿಂಪಡಿಸಿ ಅಲ್ಲಿಯೇ ದೀಪ ಹಚ್ಚುವವರನ್ನು ನೋಡಿದ್ದೇನೆ. ಅದು ಬೆಂಕಿಗೆ ಆಹ್ವಾನ, ಸೂಜಿಯನ್ನು ಹೊರಗೇ ಕಾಯಿಸಿಕೊಳ್ಳಿ.

ಕೋಣೆಯ ಉಷ್ಣತೆಯಲ್ಲಿಯೇ ಇಡಬಹುದೆಂದು ಬರೆದಿರುವುದು 20ರಿಂದ 25 ಡಿಗ್ರಿಯ ಊರುಗಳಿಗೆ. 40 ದಾಟುವ ನಮ್ಮ ಬೇಸಿಗೆಗೆ ಆ ಮಾತು ಅನ್ವಯಿಸದು. ಸೀಸೆಗಳನ್ನು ಥರ್ಮಾಕೋಲ್ ಪೆಟ್ಟಿಗೆಯಲ್ಲಿಟ್ಟು ಪೆಟ್ಟಿಗೆಯನ್ನೇ ಫ್ರಿಜ್ಜಿನಲ್ಲಿಡಿ. ನೀರು ನಿಧಾನವಾಗಿ ಬಿಸಿಯೇರುವುದರಿಂದ ಕೆಲವು ಗಂಟೆ ವಿದ್ಯುತ್ ಇಲ್ಲದಿದ್ದರೂ, ಫ್ರಿಜ್ಜಿನ ಬಾಗಿಲನ್ನು ತೆರೆಯದಿದ್ದರೆ, ಚಿಂತೆಯಿಲ್ಲ.

ಪ್ರಶ್ನೆ ಕೇಳಿದವರು (ಕಲಬುರಗಿ)

ಇಬ್ಬರಿಗೂ ಧನ್ಯವಾದಗಳು. ಬ್ಯಾಟರಿಗೆ ಹಾಕುವ ನೀರನ್ನು ಬಳಸಬಹುದೇ? ಟ್ಯೂಬಿನ ಮೇಲೆ ಪ್ಯಾರಾಫಿನ್ ಎಣ್ಣೆ ಸುರಿಯುವ ಪದ್ಧತಿಯ ಬಗ್ಗೆಯೂ ಕೇಳಿದ್ದೇನೆ. ಹಾಲು ಅಣಬೆಗೂ ಇದೇ ಕ್ರಮವೇ?

ಉತ್ತರ (ಶಹಾಪುರ)

ಬ್ಯಾಟರಿ ನೀರಿನ ಶುದ್ಧತೆಯನ್ನು ನಂಬುವಂತಿಲ್ಲ. ಮೆಡಿಕಲ್ ಅಂಗಡಿಯಲ್ಲಿ ಇಂಜೆಕ್ಷನ್‌ಗೆ ಬಳಸುವ ನೀರು ಸಣ್ಣ ಆಂಪೂಲ್‌ಗಳಲ್ಲಿ ಸಿಗುತ್ತದೆ, ಅದು ಸಾಕಷ್ಟು ಶುದ್ಧ. ಉಪ್ಪು ಬೆರೆತ ಸಲೈನ್ ಮಾತ್ರ ತರಬೇಡಿ.

ಪ್ಯಾರಾಫಿನ್ ಪದ್ಧತಿಯೂ ಹಳೆಯದು ಮತ್ತು ಬಲವಾದುದು. ಓರೆಯಾಗಿ ಗಟ್ಟಿಯಾದ ಅಗರಿನ ಮೇಲ್ತುದಿಗಿಂತ ಒಂದು ಸೆಂಟಿಮೀಟರ್ ಮೇಲಕ್ಕೆ ಬರುವಂತೆ ಎಣ್ಣೆ ಸುರಿದು ಟ್ಯೂಬನ್ನು ನೆಟ್ಟಗೆ ನಿಲ್ಲಿಸಿ ಇಡಬೇಕು. ತುದಿಯೇನಾದರೂ ಎಣ್ಣೆಯಿಂದ ಹೊರಗೆ ಉಳಿದರೆ ಅಲ್ಲಿಂದ ಒಣಗಲು ತೊಡಗುತ್ತದೆ. ಟ್ಯೂಬಿನಿಂದ ಟ್ಯೂಬಿಗೆ ಸೋಂಕು ಹೊತ್ತು ತಿರುಗುವ ಕಣ್ಣಿಗೆ ಕಾಣದ ನುಸಿಗಳನ್ನು ಎಣ್ಣೆ ತಡೆಯುವುದು ದೊಡ್ಡ ಲಾಭ. ಆದರೆ ಎಣ್ಣೆಯೊಳಕ್ಕೆ ಹಬೆ ಇಳಿಯದ ಕಾರಣ ಅದನ್ನು ಕ್ರಿಮಿರಹಿತಗೊಳಿಸುವುದು ಮನೆಯಲ್ಲಿ ತೊಡಕಿನ ಕೆಲಸ. ಎಣ್ಣೆ ಮೆತ್ತಿದ ಸೂಜಿಯನ್ನು ಜ್ವಾಲೆಗೆ ಹಿಡಿದರೆ ಸಿಡಿಯುತ್ತದೆ. ಎಣ್ಣೆಯಿಂದ ತೆಗೆದ ಕಲ್ಚರಿನ ಮೊದಲ ಬೆಳವಣಿಗೆ ಜಿಡ್ಡಾಗಿ ನಿಧಾನವಾಗಿರುವುದರಿಂದ ಇನ್ನೊಮ್ಮೆ ವರ್ಗಾಯಿಸಬೇಕಾಗುತ್ತದೆ.

ಹಾಲು ಅಣಬೆ 30 ಡಿಗ್ರಿಯ ಆಸುಪಾಸಿನಲ್ಲಿ ಚೆನ್ನಾಗಿ ಬೆಳೆಯುವಂಥದ್ದು. ಅದನ್ನು ಫ್ರಿಜ್ಜಿನ ಹಿಂಗೋಡೆಗೆ ತಾಗಿಸದೆ, ಎಲ್ಲಕ್ಕಿಂತ ಕಡಿಮೆ ತಂಪಿರುವ ತರಕಾರಿ ಖಾನೆಯಲ್ಲಿ ಇಡುವುದು ಕ್ಷೇಮ. ಮುಂದೆ ಭತ್ತದ ಹುಲ್ಲಿನ ಅಣಬೆಗೆ ಕೈ ಹಾಕುವುದಾದರೆ ಅದನ್ನು ಫ್ರಿಜ್ಜಿಗೆ ಇಡಲೇಬೇಡಿ. 4 ಡಿಗ್ರಿಯಲ್ಲಿ ಅದರ ಎಳೆಗಳು ಸಾಯುತ್ತವೆ, 15 ಡಿಗ್ರಿಗಿಂತ ಕೆಳಗೆ ಇಳಿಸುವಂತಿಲ್ಲ.

ಉತ್ತರ (ಆಳಂದ, ಕಲಬುರಗಿ ಜಿಲ್ಲೆ)

ಸ್ವಲ್ಪ ಭಿನ್ನವಾದ ಮಾತು ಹೇಳುತ್ತೇನೆ, ಕ್ಷಮೆಯಿರಲಿ. ಮನೆಗೆ ಮತ್ತು ನೆರೆಹೊರೆಗೆ ಸಾಕಾಗುವಷ್ಟು ಚೀಲ ಕಟ್ಟುವವರಿಗೆ ಇಷ್ಟೆಲ್ಲ ಸೀಸೆಗಳ ಅಗತ್ಯವಿದೆಯೇ? ಹಿಮಾಚಲ ಪ್ರದೇಶದ ಸೋಲನ್‌ನ ಅಣಬೆ ಸಂಶೋಧನಾ ನಿರ್ದೇಶನಾಲಯ, ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಂಥ ಕಡೆ ಹೆಸರು ಗೊತ್ತಿರುವ ತಳಿಯ ಕಲ್ಚರ್ ಸಿಗುತ್ತದೆ. ಅದರ ಮೇಲೆ, ಚೆನ್ನಾಗಿ ಇಳುವರಿ ಕೊಟ್ಟ ಚೀಲದ ಎಳೆಯ ಅಣಬೆಯನ್ನು ಉದ್ದಕ್ಕೆ ಸೀಳಿ, ಕಾಂಡ ಮತ್ತು ಕೊಡೆ ಕೂಡುವ ಒಳಭಾಗದಿಂದ ಅಕ್ಕಿಕಾಳಿನಷ್ಟು ತಿರುಳನ್ನು ಅಗರಿಗೆ ಇಟ್ಟರೆ ಅದೇ ತಳಿ ಮರಳಿ ಕೈಗೆ ಬರುತ್ತದೆ. ತಮ್ಮ ಸೊರಗಿದ ಬಿಳಿ ತಳಿಗೆ ನಾನಾಗಿದ್ದರೆ ಮೊದಲು ಮಾಡುತ್ತಿದ್ದದ್ದು ಇದನ್ನೇ.

ಉತ್ತರ (ಭಾಲ್ಕಿ)

ಆಳಂದದವರ ಸಲಹೆ ಸರಿಯಾಗಿದೆ, ಆದರೆ ಅದಕ್ಕೆ ಕೋಣೆಯಲ್ಲಿ ಅಣಬೆ ಬಿಟ್ಟ ಚೀಲವಿರಬೇಕು. ಆಯ್ಸ್ಟರ್ ನಿಲ್ಲಿಸಿದ ಬೇಸಿಗೆಯಲ್ಲಿ ಅದು ಎಲ್ಲಿಂದ ಬರಬೇಕು? ತಿರುಳಿನಿಂದ ಹೊಸ ಕಲ್ಚರ್ ಎತ್ತಿ, ಅದರ ಚುರುಕಾದ ಅಂಚನ್ನು ನೀರಿಗೆ ಇಳಿಸಿದರೆ ಎರಡೂ ಕೂಡಿಬರುತ್ತವೆ.

ಚೀಟಿಯ ಮೇಲೆ ತಳಿ, ಮೂಲ, ತಾರೀಖು, ಎಷ್ಟನೆಯ ಪೀಳಿಗೆ ಎಂಬ ನಾಲ್ಕನ್ನೂ ಪೆನ್ಸಿಲ್ಲಿನಲ್ಲೇ ಬರೆಯಿರಿ, ಏಕೆಂದರೆ ಸ್ಪಿರಿಟ್ ತಾಗಿದರೆ ಶಾಯಿ ಅಳಿಸಿಹೋಗುತ್ತದೆ. ವರ್ಷಕ್ಕೊಮ್ಮೆ ಹಂಗಾಮಿಗೆ ಮೊದಲು ಒಂದು ಸೀಸೆಯನ್ನು ತೆರೆದು ಪರೀಕ್ಷಿಸಿ. ನೀರು ಮಬ್ಬಾಗಿದ್ದರೆ ಬ್ಯಾಕ್ಟೀರಿಯಾ ಸೇರಿದೆ ಎಂದು ತಿಳಿದು ಆ ಸೀಸೆಯನ್ನು ಬಿಟ್ಟುಬಿಡಿ. ತಿಳಿಯಾಗಿದ್ದರೆ ಒಂದು ತುಂಡನ್ನು ಎಳೆಗಳಿರುವ ಮಗ್ಗುಲು ಕೆಳಗಾಗುವಂತೆ ಹೊಸ ಅಗರಿನ ಮೇಲೆ ಇಡಿ. ನೀರಿನಲ್ಲಿ ಬಹುಕಾಲ ಇದ್ದ ಎಳೆಗಳು ಎಚ್ಚೆತ್ತುಕೊಳ್ಳಲು ತಡಮಾಡುವುದುಂಟು, ಎರಡು ವಾರ ಕಾಯದೆ ಎಸೆಯಬೇಡಿ.